ವರ್ಚಸ್ಸು ಮತ್ತು ವಿವೇಕ: ಮೂರು ರಾಜೀನಾಮೆಗಳ ವಿಮರ್ಶೆ

ಕರ್ನಾಟಕದ ಚುನಾವಣಾ ಇತಿಹಾಸದಲ್ಲಿ 1984ರ ಡಿಸೆಂಬರ್ ಮತ್ತು 1985ರ ಮಾರ್ಚ್ ತಿಂಗಳುಗಳ ನಡುವಣ ಅಲ್ಪಾವಧಿಯಷ್ಟು ವಿಚಾರಾರ್ಹವಾದ ಕಾಲ ಬೇರೊಂದು ಸಿಗುವುದು ಅಪರೂಪ. ಡಿಸೆಂಬರಿನಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳ ಪೈಕಿ 24ನ್ನು ಮತದಾರರು ಕಾಂಗ್ರೆಸ್ ಪಕ್ಷಕ್ಕೆ ಒಪ್ಪಿಸಿದರು. ಜನತಾ ಪಕ್ಷಕ್ಕೆ ದೊರೆತದ್ದು ಕೇವಲ ನಾಲ್ಕು. ಮೂರು ತಿಂಗಳು ತುಂಬುವ ಮೊದಲೇ ಅದೇ ಮತದಾರರು ಮತ್ತೆ ಮತಗಟ್ಟೆಗೆ ಬಂದು, ವಿಧಾನಸಭೆಯ 224 ಸ್ಥಾನಗಳಲ್ಲಿ 139ನ್ನು ಜನತಾ ಪಕ್ಷಕ್ಕೆ ಕೊಟ್ಟು, ಕಾಂಗ್ರೆಸ್ಸನ್ನು 65ಕ್ಕೆ ಇಳಿಸಿದರು. ಈ ಎರಡು ತೀರ್ಪುಗಳನ್ನು ಒಟ್ಟಿಗೆ ಇಟ್ಟು ನೋಡಿದವರೆಲ್ಲರೂ ಕನ್ನಡ ನಾಡಿನ ಮತದಾರನನ್ನು ಪ್ರಬುದ್ಧನೆಂದು ಕೊಂಡಾಡಿದರು. ದೇಶಕ್ಕೆ ಯಾರು, ರಾಜ್ಯಕ್ಕೆ ಯಾರು ಎಂಬುದನ್ನು ವಿಂಗಡಿಸಿ ನೋಡುವ ವಿವೇಕ ಅವನಲ್ಲಿದೆ ಎಂಬ ಮಾತು ಅಂದಿನಿಂದ ಇಂದಿನವರೆಗೂ ಪ್ರತಿ ಚುನಾವಣೆಯ ಸಂದರ್ಭದಲ್ಲಿ ಪುನರುಕ್ತವಾಗುತ್ತಿದೆ.

ಈ ಪ್ರಶಂಸೆಯಲ್ಲಿ ಸತ್ಯಾಂಶವಿಲ್ಲವೆಂದು ಹೇಳಲಾಗದು. ಆದರೆ ಪ್ರಶಂಸೆಯಲ್ಲಿಯೇ ವಿಚಾರ ನಿಂತುಹೋದರೆ ಒಂದು ಮುಖ್ಯ ಪ್ರಶ್ನೆ ಕೇಳದೆ ಉಳಿಯುತ್ತದೆ. ಆ ಎರಡು ಚುನಾವಣೆಗಳ ನಡುವೆ ಬದಲಾದದ್ದು ಏನು? ಹಳ್ಳಿಗಳ ಬಡತನ ಬದಲಾಗಲಿಲ್ಲ, ಜಾತಿಗಳ ಲೆಕ್ಕಾಚಾರ ಬದಲಾಗಲಿಲ್ಲ, ಪಕ್ಷಗಳ ತತ್ತ್ವಗಳು ಬದಲಾಗಲಿಲ್ಲ. ಬದಲಾದದ್ದು ಮತದಾರನ ಕಣ್ಣೆದುರು ನಿಂತ ಮುಖ. ಡಿಸೆಂಬರಿನಲ್ಲಿ ಆ ಮುಖ ತಾಯಿಯನ್ನು ಕಳೆದುಕೊಂಡ ರಾಜೀವ್ ಗಾಂಧಿಯವರದು. ಮಾರ್ಚಿನಲ್ಲಿ ಅಧಿಕಾರವನ್ನು ಬಿಟ್ಟುಕೊಟ್ಟ ರಾಮಕೃಷ್ಣ ಹೆಗಡೆಯವರದು. ಎರಡು ಬಾರಿಯೂ ಮತ ಬಿದ್ದದ್ದು ವ್ಯಕ್ತಿಗೇ. ಮತದಾರನು ನಾಯಕನನ್ನು ಕುರಿತು ತಳೆಯುವ ಭಾವನೆ ಚುನಾವಣಾ ಪ್ರಚಾರವನ್ನು ಹೇಗೆ ರೂಪಿಸುತ್ತದೆ, ಆ ಪ್ರಚಾರದಲ್ಲಿ ನಾಯಕನ ಶೀಲವೇ ಸರಕಾದಾಗ ಶೀಲಕ್ಕೂ ಪ್ರಜಾಪ್ರಭುತ್ವಕ್ಕೂ ಏನಾಗುತ್ತದೆ ಎಂಬುದನ್ನು ಪರಿಶೀಲಿಸಲು ಹೆಗಡೆಯವರ ಕಾಲದ ಕರ್ನಾಟಕಕ್ಕಿಂತ ಉತ್ತಮ ನಿದರ್ಶನ ದೊರೆಯಲಾರದು. ಏಕೆಂದರೆ ಇಲ್ಲಿ ನಾಯಕನ ವರ್ಚಸ್ಸಿಗೆ ಆಧಾರವಾದದ್ದು ಹಣ, ಕುಲ, ಚಿತ್ರರಂಗದ ಖ್ಯಾತಿ ಇವು ಯಾವುವೂ ಅಲ್ಲ. ನೈತಿಕತೆಯೇ ಇಲ್ಲಿ ಆಧಾರವಾಗಿತ್ತು.

ವಿಮರ್ಶೆಗೆ ಮೊದಲು ಮತದಾರನಿಗೆ ನ್ಯಾಯ ಸಲ್ಲಬೇಕು. ಮುಖ ನೋಡಿ ಮತ ಹಾಕುವವನು ಅವಿವೇಕಿ ಎಂಬ ಮಾತು ವಿದ್ಯಾವಂತರ ಬಾಯಲ್ಲಿ ಸುಲಭವಾಗಿ ಬರುತ್ತದೆ. ಅದು ಅಹಂಕಾರದ ಮಾತು. ಪಕ್ಷಗಳ ಪ್ರಣಾಳಿಕೆಗಳನ್ನು ಓದಿ ತೂಗಿ ನೋಡುವ ಪುರುಸೊತ್ತು ಹೊಲಗದ್ದೆಗಳಲ್ಲಿ ದುಡಿಯುವವನಿಗೆ ಇಲ್ಲ. ಓದಿದರೂ ಅವುಗಳಲ್ಲಿ ಎಷ್ಟು ನಡೆದೀತು ಎಂಬುದನ್ನು ಅವು ಹೇಳುವುದಿಲ್ಲ. ಮಾತು ಕೊಟ್ಟವನು ಎಂಥವನು ಎಂದು ತಿಳಿದರೆ ಕೊಟ್ಟ ಮಾತು ಉಳಿದೀತೇ ಎಂದು ಊಹಿಸಬಹುದು. ಸಾಲ ಕೊಡುವಾಗ, ಹೆಣ್ಣು ಕೊಡುವಾಗ, ಪಾಲುದಾರಿಕೆಗೆ ಕೈ ಹಾಕುವಾಗ ಜನರು ಬಳಸುವ ವಿವೇಚನೆಯೇ ಇದು. ಮತಪತ್ರದಲ್ಲಿ ಇರುವುದು ಕ್ಷೇತ್ರದ ಅಭ್ಯರ್ಥಿಯ ವಿವರ ಮತ್ತು ಪಕ್ಷದ ಚಿಹ್ನೆ. ಮುಖ್ಯಮಂತ್ರಿಯನ್ನಾಗಲಿ ಪ್ರಧಾನಿಯನ್ನಾಗಲಿ ಮತದಾರನು ನೇರವಾಗಿ ಆರಿಸುವುದಿಲ್ಲ. ಆದರೂ ಆಳುವವನು ಯಾರು ಎಂಬುದು ಅವನ ಮತದಿಂದಲೇ ನಿರ್ಧಾರವಾಗುವಾಗ, ಅವನು ನಾಯಕನ ಕಡೆಗೆ ಕಣ್ಣು ಹಾಯಿಸುವುದು ಸಹಜವೂ ಹೌದು, ಯುಕ್ತವೂ ಹೌದು. ದೋಷವಿರುವುದು ನೋಡುವುದರಲ್ಲಿ ಅಲ್ಲ. ನೋಡಲು ಅವನ ಮುಂದೆ ಏನನ್ನು ಇಡಲಾಗುತ್ತದೆ, ಏನನ್ನು ಮರೆಮಾಡಲಾಗುತ್ತದೆ ಎಂಬುದರಲ್ಲಿ.

1983ರ ಜನವರಿಯ ವಿಧಾನಸಭಾ ಚುನಾವಣೆಯಿಂದ ಈ ಕಥನ ಆರಂಭವಾಗುತ್ತದೆ. ಅಂದು ಜನರ ಮನಸ್ಸಿನಲ್ಲಿ ಇದ್ದದ್ದು ಒಬ್ಬ ನಾಯಕನ ಬಗೆಗಿನ ಪ್ರೀತಿಗಿಂತ ಹೆಚ್ಚಾಗಿ ಇನ್ನೊಬ್ಬ ನಾಯಕನ ಬಗೆಗಿನ ಬೇಸರ. ಮುಖ್ಯಮಂತ್ರಿಯಾಗಿದ್ದ ಆರ್. ಗುಂಡೂರಾಯರ ಆಡಳಿತದಲ್ಲಿ, 1980ರಲ್ಲಿ ನರಗುಂದ ಮತ್ತು ನವಲಗುಂದದ ರೈತರ ಮೇಲೆ ಗೋಲಿಬಾರು ನಡೆದಿತ್ತು. 1982ರಲ್ಲಿ ಗೋಕಾಕ್ ವರದಿಯ ಜಾರಿಗಾಗಿ ನಡೆದ ಭಾಷಾ ಚಳವಳಿಗೆ ಡಾ. ರಾಜಕುಮಾರ್ ಧುಮುಕಿದಾಗ ನಾಡಿಗೆ ನಾಡೇ ಬೀದಿಗೆ ಇಳಿದಿತ್ತು. ಸರ್ಕಾರ ಜನರ ಮಾತಿಗೆ ಕಿವಿಗೊಡುವುದಿಲ್ಲ ಎಂಬ ಭಾವನೆ ಗಟ್ಟಿಯಾಗಿ ಬೇರೂರಿದ್ದುದರಿಂದ ಕಾಂಗ್ರೆಸ್ 82 ಸ್ಥಾನಗಳಿಗೆ ಕುಸಿಯಿತು. 95 ಸ್ಥಾನಗಳನ್ನು ಗೆದ್ದ ಜನತಾ ಪಕ್ಷಕ್ಕೆ ಸ್ವಂತ ಬಹುಮತವಿರಲಿಲ್ಲ. ಚುನಾವಣೆಗೆ ನಿಂತೇ ಇರದಿದ್ದ ರಾಮಕೃಷ್ಣ ಹೆಗಡೆಯವರು, ಹಲವು ಆಕಾಂಕ್ಷಿಗಳ ನಡುವೆ ಒಪ್ಪಿತವಾದ ಹೆಸರಾಗಿ ಹೊರಹೊಮ್ಮಿ, ಇತರ ಪಕ್ಷಗಳ ಬೆಂಬಲದಿಂದ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ಆಮೇಲೆ ಕನಕಪುರದ ಉಪಚುನಾವಣೆಯಲ್ಲಿ ಗೆದ್ದು ವಿಧಾನಸಭೆಯನ್ನು ಪ್ರವೇಶಿಸಿದರು. 1983ರಲ್ಲಿ ಮತ ಹಾಕಿದ ಜನರು ಹೆಗಡೆಯವರನ್ನು ಮುಖ್ಯಮಂತ್ರಿಯೆಂದು ಕಲ್ಪಿಸಿಕೊಂಡು ಮತ ಹಾಕಿದವರಲ್ಲ ಎಂಬುದು ನೆನಪಿಡತಕ್ಕ ಸಂಗತಿ.

ಅನಂತರದ ಎರಡು ವರ್ಷಗಳಲ್ಲಿ ಅವರ ವರ್ಚಸ್ಸು ರೂಪುಗೊಂಡಿತು. ಸೌಮ್ಯವಾದ ಮಾತು, ಸಂಯಮದ ನಡೆ, ವಿದ್ಯಾವಂತ ವರ್ಗವನ್ನು ಒಲಿಸಿಕೊಳ್ಳಬಲ್ಲ ಚಾತುರ್ಯ ಇವುಗಳ ಜೊತೆಗೆ ನಿಜವಾದ ಕೆಲಸವೂ ಇತ್ತು. ಅಧಿಕಾರವನ್ನು ಜಿಲ್ಲೆಗೂ ಮಂಡಲಕ್ಕೂ ಹಂಚುವ 1983ರ ಪಂಚಾಯತ್ ಕಾಯಿದೆ, ಆಡಳಿತದ ಭ್ರಷ್ಟಾಚಾರವನ್ನು ವಿಚಾರಿಸುವುದಕ್ಕಾಗಿ 1984ರ ಲೋಕಾಯುಕ್ತ ಕಾಯಿದೆ ಈ ಕಾಲದವು. ‘ಮೌಲ್ಯಾಧಾರಿತ ರಾಜಕಾರಣ’ ಎಂಬ ಮಾತು ಕನ್ನಡದಲ್ಲಿ ಮನೆಮಾತಾದದ್ದು ಹೆಗಡೆಯವರ ಹೆಸರಿನೊಂದಿಗೇ. ಒಂದು ರಾಜಕೀಯ ಪಕ್ಷ ತನ್ನ ನಾಯಕನ ಸಚ್ಚಾರಿತ್ರ್ಯವನ್ನೇ ತನ್ನ ಕಾರ್ಯಕ್ರಮವೆಂದು ಘೋಷಿಸಿಕೊಂಡ ಸ್ಪಷ್ಟ ಉದಾಹರಣೆ ಇದು.

ಅಷ್ಟರಲ್ಲಿ 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಹತ್ಯೆಯಾಯಿತು. ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಪ್ರಚಾರ ದುಃಖ ಮತ್ತು ಭಯ ಎಂಬ ಎರಡು ಭಾವಗಳ ಮೇಲೆ ನಿಂತಿತ್ತು. ರಾಜೀವ್ ಗಾಂಧಿಯವರ ಯೌವನ, ರಾಜಕೀಯದ ಕೊಳೆ ಅಂಟದ ಹಿನ್ನೆಲೆ, ‘ಮಿಸ್ಟರ್ ಕ್ಲೀನ್’ ಎಂಬ ಬಿರುದು ಇವು ಒಂದು ಕಡೆ. ದೇಶ ಒಡೆದುಹೋದೀತೆಂಬ ಆತಂಕ ಇನ್ನೊಂದು ಕಡೆ. ಪ್ರಚಾರದ ಭಿತ್ತಿಪತ್ರಗಳನ್ನೂ ಜಾಹೀರಾತುಗಳನ್ನೂ ರೂಪಿಸಲು ವೃತ್ತಿಪರ ಜಾಹೀರಾತು ಸಂಸ್ಥೆಯೊಂದನ್ನು ನೇಮಿಸಿಕೊಂಡದ್ದು ಭಾರತದ ಚುನಾವಣೆಗಳಲ್ಲಿ ಹೊಸ ಹಾದಿಯನ್ನೇ ತೆರೆಯಿತು. ಕಾಂಗ್ರೆಸ್ ನಾನ್ನೂರಕ್ಕೂ ಮೀರಿದ ಸ್ಥಾನಗಳನ್ನು ಗೆದ್ದಿತು. ಆದರೆ ನೆರೆಯ ಆಂಧ್ರ ಪ್ರದೇಶದಲ್ಲಿ ಅದೇ ಅಲೆ ಒಡೆದು ಹಿಂದಕ್ಕೆ ಸರಿಯಿತು. ಅಲ್ಲಿನ 42 ಸ್ಥಾನಗಳಲ್ಲಿ 30ನ್ನು ತೆಲುಗು ದೇಶಂ ಪಕ್ಷ ಗೆದ್ದಿತು. ಕೆಲವೇ ತಿಂಗಳುಗಳ ಹಿಂದೆ ಅಧಿಕಾರದಿಂದ ಕೆಳಗಿಳಿಸಲ್ಪಟ್ಟು ಮತ್ತೆ ಅಧಿಕಾರಕ್ಕೆ ಮರಳಿದ್ದ ಎನ್. ಟಿ. ರಾಮರಾವ್ ಅಲ್ಲಿ ಅನ್ಯಾಯಕ್ಕೆ ಒಳಗಾದ ನಾಯಕನಾಗಿ ಕಾಣಿಸುತ್ತಿದ್ದರು. ಒಂದು ಅನುಕಂಪದ ಎದುರು ಮತ್ತೊಂದು ಅನುಕಂಪ ನಿಂತಿತ್ತು. ಕರ್ನಾಟಕದಲ್ಲಿ ಅಂತಹ ಎದುರಾಳಿ ಭಾವ ಇರಲಿಲ್ಲ; ಹೆಗಡೆಯವರ ಆಡಳಿತ ಅಂದಿನ ಮತದಾನದ ವಿಷಯವೇ ಆಗಿರಲಿಲ್ಲ.

ಸೋತ ಹೆಗಡೆಯವರು ಜನರ ವಿಶ್ವಾಸವನ್ನು ಕಳೆದುಕೊಂಡಂತಾಯಿತೆಂದು ಹೇಳಿ ರಾಜೀನಾಮೆ ಕೊಟ್ಟು, ಹೊಸ ಜನಾದೇಶವನ್ನು ಬೇಡಲು ಮುಂದಾದರು. ಇದು ಮೊದಲ ರಾಜೀನಾಮೆ. ಸಂವಿಧಾನ ಅದನ್ನು ಕೇಳಿರಲಿಲ್ಲ. ಲೋಕಸಭೆಯ ಸೋಲಿಗೆ ರಾಜ್ಯ ಸರ್ಕಾರ ಹೊಣೆಯಾಗಬೇಕಾದ ನಿಯಮವೂ ಇರಲಿಲ್ಲ. ಕುರ್ಚಿಗೆ ಅಂಟಿಕೊಳ್ಳುವುದೇ ಸ್ವಭಾವವಾಗಿದ್ದ ಕಾಲದಲ್ಲಿ ಇಂತಹ ನಡೆ ಜನರ ಹೃದಯವನ್ನು ಮುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಇದೇ ನಡೆಗೆ ಇನ್ನೊಂದು ಮುಖವೂ ಇತ್ತು. 95 ಸ್ಥಾನಗಳ ಸರ್ಕಾರ ಅನ್ಯರ ಊರುಗೋಲಿನ ಮೇಲೆ ನಿಂತಿತ್ತು. ಲೋಕಸಭೆಯಲ್ಲಿ ನಾನ್ನೂರನ್ನು ದಾಟಿದ ಕಾಂಗ್ರೆಸ್ಸಿನ ಎದುರು ಅದು ಬಹುಕಾಲ ಉಳಿಯುವುದು ಕಷ್ಟವಾಗಿತ್ತು. ಸರ್ಕಾರವನ್ನು ಕಳೆದುಕೊಳ್ಳುವ ಮೊದಲು ತಾನೇ ಬಿಟ್ಟುಕೊಟ್ಟು ಜನರ ಬಳಿಗೆ ಹೋಗುವುದು ಜಾಣತನದ ಹಾದಿಯೂ ಆಗಿತ್ತು. ಧರ್ಮವೂ ಲಾಭವೂ ಒಂದೇ ದಿಕ್ಕಿಗೆ ಕೈ ತೋರಿಸಿದಾಗ ಮನುಷ್ಯನು ಯಾವುದರ ಮಾತನ್ನು ಕೇಳಿ ಹೆಜ್ಜೆ ಇಟ್ಟನೆಂದು ಹೊರಗಿನವರು ನಿರ್ಣಯಿಸಲಾಗದು. ಅದನ್ನು ನಿರ್ಣಯಿಸುವುದು ವಿಮರ್ಶೆಯ ಕೆಲಸವೂ ಅಲ್ಲ.

ವಿಮರ್ಶೆಗೆ ಎಟುಕುವುದು ಆ ನಡೆಯನ್ನು ಪ್ರಚಾರ ಏನು ಮಾಡಿತು ಎಂಬುದು. 1985ರ ಚುನಾವಣೆಯಲ್ಲಿ ರಾಜೀನಾಮೆಯೇ ಪ್ರಣಾಳಿಕೆಯಾಯಿತು. ಜನತಾ ಪಕ್ಷದ ಆಡಳಿತ ಎರಡು ವರ್ಷಗಳಲ್ಲಿ ಏನು ಮಾಡಿತು, ಎಲ್ಲಿ ಎಡವಿತು ಎಂಬ ವಿಚಾರಕ್ಕಿಂತ ಅದರ ನಾಯಕ ಎಂತಹ ಮನುಷ್ಯ ಎಂಬ ಮಾತು ಮೇಲಾಯಿತು. ರಾಜ್ಯ ಕಾಂಗ್ರೆಸ್ಸಿಗೆ ಹೆಗಡೆಯವರಿಗೆ ಸರಿಸಾಟಿಯಾಗಿ ನಿಲ್ಲಬಲ್ಲ ಮುಖವನ್ನು ತೋರಿಸಲಾಗಲಿಲ್ಲ. ಮೂರು ತಿಂಗಳ ಹಿಂದೆ ಗೆಲ್ಲಿಸಿದ್ದ ರಾಜೀವ್ ಗಾಂಧಿಯವರ ಹೆಸರು ಬೆಂಗಳೂರಿನಲ್ಲಿ ಆಳುವವರು ಯಾರು ಎಂಬ ಪ್ರಶ್ನೆಗೆ ಉತ್ತರವಾಗಲಿಲ್ಲ. ಹೀಗೆ 139 ಕ್ಷೇತ್ರಗಳಲ್ಲಿ ಗೆದ್ದವರ ಪೈಕಿ ಎಷ್ಟೋ ಮಂದಿ ತಮ್ಮ ಯೋಗ್ಯತೆಗಿಂತ ನಾಯಕನ ನೆರಳಿನಿಂದಲೇ ಗೆದ್ದರು. ನೆರಳಿನಲ್ಲಿ ಗೆದ್ದವರಿಗೆ ಆ ನೆರಳಿನ ಮೌಲ್ಯಗಳ ಮೇಲೆ ನಿಷ್ಠೆ ಇರಬೇಕಾದ ಅಗತ್ಯವಿಲ್ಲ. ನೆರಳು ಇರುವವರೆಗೆ ಅದರಡಿಯಲ್ಲಿ ನಿಂತರೆ ಸಾಕು. ಪಕ್ಷದೊಳಗಿನ ಮುಂದಿನ ಕಲಹಗಳ ಬೀಜ ಈ ಗೆಲುವಿನೊಳಗೇ ಅಡಗಿತ್ತು.

ಇಲ್ಲಿ ನೀತಿಯ ಒಂದು ಸೂಕ್ಷ್ಮ ಪ್ರಶ್ನೆ ಏಳುತ್ತದೆ. ಬಿಟ್ಟುಕೊಡುವುದಕ್ಕೆ ಬೆಲೆ ಬರುವುದು ಬಿಟ್ಟದ್ದು ಮರಳಿ ಬಾರದೆ ಹೋಗಬಹುದು ಎಂಬ ಸಂಭವ ಇದ್ದಾಗ. 1985ರಲ್ಲಿ ಆ ಸಂಭವ ನಿಜವಾಗಿಯೂ ಇತ್ತು. ಹಿಂದಿನ ಡಿಸೆಂಬರಿನ ಫಲಿತಾಂಶ ಅದಕ್ಕೆ ಸಾಕ್ಷಿ. ಆದುದರಿಂದಲೇ ಜನರು ಅದನ್ನು ಗೌರವಿಸಿದರು. ಆದರೆ ಬಿಟ್ಟದ್ದು ಹೆಚ್ಚಿನ ಪ್ರಮಾಣದಲ್ಲಿ ಮರಳಿ ಬಂದ ಮೇಲೆ, ಅದೇ ಉಪಾಯ ಇನ್ನೊಮ್ಮೆ ಫಲಿಸೀತೆಂಬ ನಿರೀಕ್ಷೆ ನಾಯಕನಿಗೆ ಇರದಿದ್ದರೂ ಅವನ ಸುತ್ತಲಿನವರಲ್ಲಿ ಹುಟ್ಟುತ್ತದೆ. ನೋಡುವ ಜನರಲ್ಲಿಯೂ ಮುಂದಿನ ಬಾರಿ ಅನುಮಾನ ಹುಟ್ಟುತ್ತದೆ. ಹೀಗೆ ಒಮ್ಮೆ ಸತ್ಯವಾಗಿದ್ದ ನಡೆ ಎರಡನೆಯ ಬಾರಿ ತನ್ನ ನೆನಪಿನ ಭಾರವನ್ನೇ ಹೊತ್ತು ನಡೆಯಬೇಕಾಗುತ್ತದೆ.

ಆ ಎರಡನೆಯ ಬಾರಿ ಬೇಗನೆ ಬಂತು. ಸಾರಾಯಿಯನ್ನು ಬಾಟಲಿಗಳಲ್ಲಿ ತುಂಬುವ ಗುತ್ತಿಗೆಗಳನ್ನು ಖಾಸಗಿಯವರಿಗೆ ಕೊಟ್ಟ ರೀತಿಯನ್ನು ರಾಜ್ಯದ ಉಚ್ಚ ನ್ಯಾಯಾಲಯ ಕಟುವಾಗಿ ಟೀಕಿಸಿದಾಗ, 1986ರ ಫೆಬ್ರವರಿಯಲ್ಲಿ ಹೆಗಡೆಯವರು ರಾಜೀನಾಮೆ ಕೊಟ್ಟರು. ಪಕ್ಷದವರ ಒತ್ತಾಯಕ್ಕೆ ಮಣಿದು ಮೂರು ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆದರು. ಕೊಟ್ಟದ್ದು ನೈತಿಕ ಹೊಣೆಯಿಂದ ಎನ್ನುವುದಾದರೆ ಹಿಂದಕ್ಕೆ ಪಡೆದದ್ದು ಯಾವ ಹೊಣೆಯಿಂದ ಎಂಬ ಪ್ರಶ್ನೆಗೆ ಸಮರ್ಪಕ ಉತ್ತರ ಬರಲಿಲ್ಲ. ನ್ಯಾಯಾಲಯದ ಮಾತಿಗೆ ಉತ್ತರ ಕೊಡಬೇಕಾದ ಸ್ಥಳದಲ್ಲಿ ನಾಯಕನ ಮೇಲಿನ ಪ್ರೀತಿಯ ಪ್ರದರ್ಶನ ನಡೆಯಿತು.

ಈ ಪ್ರಕರಣದಲ್ಲಿ ಇನ್ನೂ ಆಳವಾದ ಒಂದು ನಷ್ಟ ಸಂಭವಿಸಿತು. ಬಡವರು ಕುಡಿಯುವ ಸಾರಾಯಿಯಿಂದ ಬರುವ ವರಮಾನದ ಮೇಲೆ ಸರ್ಕಾರವೊಂದು ನಿಂತಿರಬಹುದೇ, ಆ ವ್ಯವಹಾರದ ಸುತ್ತ ಬೆಳೆದ ಗುತ್ತಿಗೆದಾರರ ಹಣ ರಾಜಕಾರಣವನ್ನು ಏನು ಮಾಡುತ್ತದೆ ಎಂಬುದು ನಾಡು ಎತ್ತಿಕೊಳ್ಳಬೇಕಾಗಿದ್ದ ಪ್ರಶ್ನೆ. ಮೌಲ್ಯಾಧಾರಿತ ರಾಜಕಾರಣ ಎಂಬ ಮಾತಿಗೆ ತಕ್ಕ ಚರ್ಚೆಯೆಂದರೆ ಅದೇ. ಆದರೆ ಚರ್ಚೆ ಬಹುಮಟ್ಟಿಗೆ ಹೆಗಡೆಯವರು ಶುದ್ಧರೋ ಅಲ್ಲವೋ ಎಂಬುದರ ಸುತ್ತಲೇ ತಿರುಗಿತು. ವಿರೋಧಿಗಳಿಗೂ ಅದೇ ಬೇಕಾಗಿತ್ತು. ನಾಯಕನ ವರ್ಚಸ್ಸಿನಿಂದ ಗೆದ್ದ ಪಕ್ಷವನ್ನು ಸೋಲಿಸಲು ಆ ವರ್ಚಸ್ಸಿಗೆ ಮಸಿ ಬಳಿಯುವುದೇ ಹತ್ತಿರದ ದಾರಿ. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈನಲ್ಲಿ, ಎರಡು ದಶಕಗಳು ಕಳೆದ ಮೇಲೆ. ವ್ಯಕ್ತಿಯ ಮೇಲೆ ಕಣ್ಣು ನೆಟ್ಟ ಸಮಾಜಕ್ಕೆ ವಿಷಯ ಎಷ್ಟು ತಡವಾಗಿ ಕಾಣುತ್ತದೆ ಎಂಬುದಕ್ಕೆ ಈ ಅಂತರವೇ ನಿದರ್ಶನ.

ಮೂರನೆಯ ರಾಜೀನಾಮೆ 1988ರ ಆಗಸ್ಟಿನದು. ರಾಜಕಾರಣಿಗಳ ದೂರವಾಣಿ ಸಂಭಾಷಣೆಗಳನ್ನು ಕದ್ದಾಲಿಸಲಾಗಿದೆ ಎಂಬ ಆರೋಪ ದೊಡ್ಡದಾಗಿ ಬೆಳೆದಾಗ ಹೆಗಡೆಯವರು ಅಧಿಕಾರದಿಂದ ಕೆಳಗಿಳಿದರು; ಈ ಬಾರಿ ಮರಳಲಿಲ್ಲ. ಮೊದಲ ರಾಜೀನಾಮೆಗೆ ಜನರು 139 ಸ್ಥಾನಗಳನ್ನು ಕೊಟ್ಟಿದ್ದರು. ಮೂರನೆಯದನ್ನು ಜನರು ನೈತಿಕ ಹೊಣೆಯೆಂದು ಓದದೆ ಅನಿವಾರ್ಯತೆಯೆಂದು ಓದಿದರು. ನಡೆ ಹೊರನೋಟಕ್ಕೆ ಒಂದೇ. ಓದುವ ಕಣ್ಣು ಬೇರೆಯಾಗಿತ್ತು. ಅವರ ಬಳಿಕ ಮುಖ್ಯಮಂತ್ರಿಯಾದ ಎಸ್. ಆರ್. ಬೊಮ್ಮಾಯಿಯವರ ಸರ್ಕಾರವನ್ನು 1989ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ವಜಾ ಮಾಡಿತು. ಆ ಕ್ರಮದ ವಿರುದ್ಧದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1994ರಲ್ಲಿ ಕೊಟ್ಟ ತೀರ್ಪು, ಸರ್ಕಾರದ ಬಹುಮತ ಪರೀಕ್ಷೆಯಾಗಬೇಕಾದದ್ದು ಸದನದಲ್ಲಿಯೇ ಎಂಬ ತತ್ತ್ವವನ್ನು ದೇಶಕ್ಕೆ ಕೊಟ್ಟಿತು. ಆದರೆ ಚುನಾವಣೆ ಆ ತೀರ್ಪಿಗಾಗಿ ಕಾಯಲಿಲ್ಲ. 1989ರ ನವೆಂಬರಿನಲ್ಲಿ ಕಾಂಗ್ರೆಸ್ 224ರಲ್ಲಿ 178 ಸ್ಥಾನಗಳನ್ನು ಗೆದ್ದಿತು. ಜನತಾ ದಳಕ್ಕೆ ಉಳಿದದ್ದು 24.

ಇದೇ ನವೆಂಬರಿನಲ್ಲಿ ಲೋಕಸಭೆಗೂ ಮತದಾನ ನಡೆಯಿತು ಎಂಬುದು ಈ ವಿಮರ್ಶೆಗೆ ಬಹು ಮುಖ್ಯ. ಉತ್ತರ ಭಾರತದಲ್ಲಿ ಬೊಫೋರ್ಸ್ ಹಗರಣದ ಸುತ್ತ ಎದ್ದ ಕೋಪ ರಾಜೀವ್ ಗಾಂಧಿಯವರ ‘ಮಿಸ್ಟರ್ ಕ್ಲೀನ್’ ಬಿರುದನ್ನು ಅಳಿಸಿಹಾಕಿತ್ತು. ದೇಶದಾದ್ಯಂತ ಕಾಂಗ್ರೆಸ್ 197 ಸ್ಥಾನಗಳಿಗೆ ಇಳಿಯಿತು. ವಿಶ್ವನಾಥ ಪ್ರತಾಪ ಸಿಂಗ್ ಶುದ್ಧತೆಯ ಹೊಸ ಮುಖವಾಗಿ ಪ್ರಧಾನಿಯಾದರು. ಆದರೆ ಕರ್ನಾಟಕದ 28 ಸ್ಥಾನಗಳಲ್ಲಿ ಕಾಂಗ್ರೆಸ್ 27ನ್ನು ಗೆದ್ದಿತು. ಭ್ರಷ್ಟಾಚಾರ ಎಂಬ ಪ್ರಶ್ನೆ ಒಂದೇ. ಅದಕ್ಕೆ ಉತ್ತರ ಕೊಡಬೇಕಾದ ಆರೋಪಿಯ ಮುಖ ಮಾತ್ರ ವಿಂಧ್ಯದ ಆಚೆಗೊಂದು, ಈಚೆಗೊಂದು. ಮತದಾರನಿಗೆ ದೂರದ ಹಗರಣಕ್ಕಿಂತ ಹತ್ತಿರದ ನಿರಾಶೆ ದೊಡ್ಡದಾಗಿ ಕಂಡಿತು. ಈ ಫಲಿತಾಂಶಕ್ಕೆ ವರ್ಚಸ್ಸಿನ ಕುಸಿತವೊಂದೇ ಕಾರಣವಲ್ಲ. ಜನತಾ ಪರಿವಾರ ಒಡೆದಿತ್ತು, ಎಚ್. ಡಿ. ದೇವೇಗೌಡರು ಬೇರೆಯಾಗಿ ನಿಂತಿದ್ದರು, ಮತಗಳು ಹಂಚಿಹೋದವು. ಆದರೆ ಪಕ್ಷವನ್ನು ಒಟ್ಟಾಗಿ ಹಿಡಿದಿದ್ದ ಹಗ್ಗ ಒಬ್ಬ ವ್ಯಕ್ತಿಯ ಪ್ರತಿಷ್ಠೆಯಾಗಿದ್ದಾಗ, ಆ ಪ್ರತಿಷ್ಠೆ ಸವೆದ ಮೇಲೆ ಕಟ್ಟು ಬಿಚ್ಚುವುದು ಸಹಜವೇ. 1991ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ಸ್ಪರ್ಧಿಸಿದ ಹೆಗಡೆಯವರು ಸ್ವತಃ ಸೋತರು.

ಈ ಸೋಲಿನೊಂದಿಗೆ ಸೋತದ್ದು ಹೆಗಡೆಯವರೂ ಅವರ ಪಕ್ಷವೂ ಮಾತ್ರವಾಗಿದ್ದರೆ ದುಃಖಿಸಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಅಬ್ದುಲ್ ನಜೀರ್ ಸಾಬ್ ಸಚಿವರಾಗಿ ಕಟ್ಟಿದ ಪಂಚಾಯತ್ ವ್ಯವಸ್ಥೆ ಆ ದಶಕದ ಗಟ್ಟಿಯಾದ ಸಾಧನೆ. ಹಳ್ಳಿಹಳ್ಳಿಗೆ ಕೊಳವೆ ಬಾವಿಗಳ ಮೂಲಕ ಕುಡಿಯುವ ನೀರನ್ನು ತಲುಪಿಸಿದ್ದರಿಂದ ಜನರು ಅವರನ್ನು ‘ನೀರ್ ಸಾಬ್’ ಎಂದು ಕರೆದರು. 1987ರ ಜನವರಿಯಲ್ಲಿ ನಡೆದ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳ ಚುನಾವಣೆಯಲ್ಲಿ ಮಹಿಳೆಯರಿಗೆ ನೂರಕ್ಕೆ 25ರಷ್ಟು ಸ್ಥಾನಗಳು ಮೀಸಲಾಗಿದ್ದವು. ಸಂವಿಧಾನದ 73ನೆಯ ತಿದ್ದುಪಡಿ ದೇಶಕ್ಕೆಲ್ಲ ಮಹಿಳಾ ಮೀಸಲಾತಿಯನ್ನು ತಂದದ್ದು ಅದರ ಅನೇಕ ವರ್ಷಗಳ ಬಳಿಕ. ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. 1989ರ ಚುನಾವಣೆಯಲ್ಲಿ ಈ ಸಾಧನೆ ತೂಕದ ವಿಷಯವಾಗಲಿಲ್ಲ. 1992ರಲ್ಲಿ ಆ ಸಂಸ್ಥೆಗಳ ಅವಧಿ ಮುಗಿದಾಗ ಹೊಸ ಚುನಾವಣೆ ಕೂಡಲೇ ನಡೆಯದೆ ಆಡಳಿತಾಧಿಕಾರಿಗಳ ಕೈಗೆ ಅವು ಹೋದವು. ನಾಯಕನ ಶೀಲದ ಹೆಸರಿನಲ್ಲಿ ಮತ ಕೇಳಿದ ಪಕ್ಷಕ್ಕೆ ತನ್ನ ಕೆಲಸದ ಹೆಸರಿನಲ್ಲಿ ಮತ ಕೇಳುವ ಅಭ್ಯಾಸ ತಪ್ಪಿಹೋಗಿತ್ತು. ಜನರಿಗೂ ಕೆಲಸವನ್ನು ನಾಯಕನಿಂದ ಬೇರ್ಪಡಿಸಿ ನೋಡುವ ಅವಕಾಶ ದೊರೆಯಲಿಲ್ಲ.

ವರ್ಚಸ್ಸಿನ ಮೇಲೆ ನಿಂತ ಗೆಲುವು ಮತದಾರನ ಕೈಯಲ್ಲಿಯೂ ಉಳಿಯುವುದಿಲ್ಲ ಎಂಬುದನ್ನು ಗೆದ್ದ ಪಕ್ಷದ ಕಥೆಯೂ ತೋರಿಸುತ್ತದೆ. 1989ರ ಗೆಲುವಿನ ಮುಂದಾಳು ವೀರೇಂದ್ರ ಪಾಟೀಲರು. ಆಡಳಿತದಲ್ಲಿ ಅನುಭವಿ, ಹಣಕಾಸಿನಲ್ಲಿ ಬಿಗಿ ಎಂಬ ಹೆಸರು ಅವರಿಗಿತ್ತು. ಆದರೆ 1990ರ ಅಕ್ಟೋಬರಿನಲ್ಲಿ ಅವರು ಅಸ್ವಸ್ಥರಾಗಿದ್ದಾಗ ಅವರನ್ನು ಬದಲಾಯಿಸುವ ನಿರ್ಧಾರವನ್ನು ರಾಜೀವ್ ಗಾಂಧಿಯವರು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪ್ರಕಟಿಸಿದರು, ಎಸ್. ಬಂಗಾರಪ್ಪನವರು ಮುಖ್ಯಮಂತ್ರಿಯಾದರು. 178 ಸ್ಥಾನಗಳ ಜನಾದೇಶ ಒಬ್ಬ ನಾಯಕನನ್ನು ಒಂದು ವರ್ಷವೂ ಕಾಪಾಡಲಿಲ್ಲ. ಪ್ರಚಾರದಲ್ಲಿ ತೋರಿಸಿದ ಮುಖವನ್ನೇ ಆಡಳಿತದಲ್ಲಿ ಉಳಿಸಬೇಕೆಂಬ ಒಪ್ಪಂದ ಯಾವ ಪಕ್ಷಕ್ಕೂ ಇಲ್ಲ. ಮತದಾರನು ಕೊಂಡದ್ದು ಒಂದು, ಮನೆಗೆ ಬಂದದ್ದು ಇನ್ನೊಂದು ಎಂಬ ಸ್ಥಿತಿ ಇದರಿಂದ ಉಂಟಾಗುತ್ತದೆ.

ದೇಶದ ಚುನಾವಣಾ ಕಾನೂನು ಕೂಡ ನಾಯಕನಿಗೆ ವಿಶೇಷ ಸ್ಥಾನವನ್ನು ಕಲ್ಪಿಸಿದೆ. ಪ್ರಜಾಪ್ರಾತಿನಿಧ್ಯ ಕಾಯಿದೆಯ 77ನೆಯ ಪ್ರಕರಣದ ಪ್ರಕಾರ ಅಭ್ಯರ್ಥಿಯು ತನ್ನ ಖರ್ಚಿನ ಲೆಕ್ಕವನ್ನು ಇಡಬೇಕು, ಮಿತಿಯನ್ನು ಮೀರಬಾರದು. 2022ರಲ್ಲಿ ಪರಿಷ್ಕೃತವಾದ ಮಿತಿ ಕರ್ನಾಟಕದಂತಹ ದೊಡ್ಡ ರಾಜ್ಯಗಳಲ್ಲಿ ಲೋಕಸಭಾ ಅಭ್ಯರ್ಥಿಗೆ 95 ಲಕ್ಷ ರೂಪಾಯಿ, ವಿಧಾನಸಭಾ ಅಭ್ಯರ್ಥಿಗೆ 40 ಲಕ್ಷ. ಆದರೆ ಪಕ್ಷದ ಕಾರ್ಯಕ್ರಮವನ್ನು ಪ್ರಚಾರ ಮಾಡಲು ಅದರ ನಾಯಕರು ಕೈಗೊಳ್ಳುವ ಪ್ರಯಾಣದ ವೆಚ್ಚ, ಅದು ವಿಮಾನದ್ದಾಗಿರಲಿ ಹೆಲಿಕಾಪ್ಟರಿನದಾಗಿರಲಿ, ಅಭ್ಯರ್ಥಿಯ ಲೆಕ್ಕಕ್ಕೆ ಸೇರುವುದಿಲ್ಲ. ಮಾನ್ಯತೆ ಪಡೆದ ಪಕ್ಷವೊಂದು ಇಂತಹ 40 ಮಂದಿಯನ್ನು ಹೆಸರಿಸಬಹುದು. ‘ತಾರಾ ಪ್ರಚಾರಕರು’ ಎಂಬುದು ಅವರಿಗೆ ರೂಢಿಯಲ್ಲಿರುವ ಹೆಸರು. ಪಕ್ಷ ಒಟ್ಟಾಗಿ ಮಾಡುವ ವೆಚ್ಚಕ್ಕಂತೂ ಮಿತಿಯೇ ಇಲ್ಲ. ಅಭ್ಯರ್ಥಿಯ ಕರಪತ್ರಕ್ಕೆ ಲೆಕ್ಕವಿದೆ. ಆಕಾಶದಿಂದ ಇಳಿಯುವ ನಾಯಕನ ಹಾರಾಟಕ್ಕೆ ಮಿತಿಯ ಕಟ್ಟಿಲ್ಲ. ಪ್ರಚಾರದ ಹಣ ಯಾವ ಕಡೆಗೆ ಹರಿದೀತು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಅಭ್ಯರ್ಥಿಯ ಪರೀಕ್ಷೆಗೆ ಮತದಾರನ ಕೈಯಲ್ಲಿ ಇಂದು ಒಂದು ಸಾಧನವಿದೆ. ಸರ್ವೋಚ್ಚ ನ್ಯಾಯಾಲಯದ 2002 ಮತ್ತು 2003ರ ತೀರ್ಪುಗಳ ಫಲವಾಗಿ ಪ್ರತಿ ಅಭ್ಯರ್ಥಿಯೂ ತನ್ನ ಮೇಲಿನ ಕ್ರಿಮಿನಲ್ ಮೊಕದ್ದಮೆಗಳು, ಆಸ್ತಿ, ಸಾಲ, ವಿದ್ಯಾರ್ಹತೆ ಇವುಗಳನ್ನು ಪ್ರಮಾಣಪತ್ರದಲ್ಲಿ ಘೋಷಿಸಬೇಕು. ಇದು ಸಣ್ಣ ಗಳಿಕೆಯಲ್ಲ. ಆದರೆ ನಾಯಕನ ವರ್ಚಸ್ಸಿಗೆ ಪ್ರಮಾಣಪತ್ರವಿಲ್ಲ. ಅದನ್ನು ಕಟ್ಟುವವರು ಯಾರು, ಅದಕ್ಕೆ ಹಣ ಎಲ್ಲಿಂದ ಬಂತು, ಅದರಲ್ಲಿ ನಡೆದ ಮಾತೆಷ್ಟು ನುಡಿದ ಮಾತೆಷ್ಟು ಎಂಬುದನ್ನು ಯಾವ ಅಧಿಕಾರಿಯ ಮುಂದೆಯೂ ಯಾರೂ ಘೋಷಿಸಬೇಕಾಗಿಲ್ಲ. ಬಹುಪಾಲು ಮತದಾರರ ನಿರ್ಧಾರವನ್ನು ರೂಪಿಸುವ ವಸ್ತುವೇ ಎಲ್ಲ ಪರೀಕ್ಷೆಗಳ ಹೊರಗೆ ಉಳಿದಿದೆ.

1985ರಲ್ಲಿ ಕಂಡ ವಿಭಜಿತ ತೀರ್ಪು ಕರ್ನಾಟಕದಲ್ಲಿ ಅನಂತರ ಅಭ್ಯಾಸವೇ ಆದಂತೆ ಕಾಣುತ್ತದೆ. 2013ರ ವಿಧಾನಸಭೆಯಲ್ಲಿ 122 ಸ್ಥಾನಗಳನ್ನು ಪಡೆದ ಕಾಂಗ್ರೆಸ್ಸಿಗೆ 2014ರ ಲೋಕಸಭೆಯಲ್ಲಿ ದೊರೆತದ್ದು ಒಂಬತ್ತು. ಭಾರತೀಯ ಜನತಾ ಪಕ್ಷಕ್ಕೆ 17. 2023ರಲ್ಲಿ 135 ಸ್ಥಾನಗಳನ್ನು ಗೆದ್ದ ಕಾಂಗ್ರೆಸ್ಸಿಗೆ 2024ರಲ್ಲಿ ಮತ್ತೆ ಒಂಬತ್ತು. ಭಾರತೀಯ ಜನತಾ ಪಕ್ಷಕ್ಕೆ ಮತ್ತೆ 17. ಹತ್ತು ವರ್ಷಗಳ ಅಂತರದಲ್ಲಿ ಅಂಕಿಗಳು ಹೀಗೆ ಸರಿಹೊಂದಿದ್ದು ಆಕಸ್ಮಿಕವೆಂದರೂ, ಅವುಗಳ ಹಿಂದಿನ ಮನೋಧರ್ಮ ಆಕಸ್ಮಿಕವಲ್ಲ. ರಾಜ್ಯಕ್ಕೆ ಒಬ್ಬ ನಾಯಕ, ದೇಶಕ್ಕೆ ಇನ್ನೊಬ್ಬ ನಾಯಕ ಎಂದು ಮತದಾರನು ಮುಖಗಳನ್ನು ಬೇರೆಬೇರೆಯಾಗಿ ತೂಗುತ್ತಿದ್ದಾನೆ. ಪಕ್ಷಗಳೂ ಅದನ್ನು ಅರಿತು, ಒಂದೊಂದು ಚುನಾವಣೆಗೂ ಒಂದೊಂದು ಮುಖವನ್ನು ಮುಂದಿಟ್ಟು, ಉಳಿದದ್ದನ್ನು ಹಿಂದಕ್ಕೆ ಸರಿಸುತ್ತಿವೆ. ಈ ಮಾತು ಎಲ್ಲ ಪಕ್ಷಗಳಿಗೂ ಸಮಾನವಾಗಿ ಅನ್ವಯಿಸುತ್ತದೆ.

ಹಾಗಾದರೆ ಪ್ರಬುದ್ಧತೆ ಎಂದರೇನು? ಎರಡು ಮುಖಗಳ ನಡುವೆ ಆರಿಸಬಲ್ಲವನು ಜಾಣ. ಮುಖದ ಹಿಂದಿನದನ್ನು ಕೇಳಬಲ್ಲವನು ಪ್ರಬುದ್ಧ. ಧರ್ಮಸಂಸ್ಥೆಗಳ ಆಡಳಿತವನ್ನು ಬಲ್ಲವರಿಗೆ ಈ ಭೇದ ಹೊಸದಲ್ಲ. ವಿಶ್ವಸ್ತನೊಬ್ಬ ಸಜ್ಜನನೆಂದು ಊರೆಲ್ಲ ಹೇಳಿದರೂ ವರ್ಷದ ಕೊನೆಯಲ್ಲಿ ಲೆಕ್ಕಪತ್ರವನ್ನು ಸಭೆಯ ಮುಂದೆ ಇಡಿಸುವುದು ವಾಡಿಕೆ. ಅದು ಅವನ ಸಜ್ಜನಿಕೆಯ ಮೇಲಿನ ಸಂಶಯವಲ್ಲ. ಸಜ್ಜನಿಕೆಯನ್ನು ಸಂಶಯದಿಂದ ಕಾಪಾಡುವ ಬೇಲಿ. ಲೆಕ್ಕ ಕೇಳಿದ್ದಕ್ಕೆ ಕೋಪಿಸಿಕೊಳ್ಳುವ ವಿಶ್ವಸ್ತನಿಗಿಂತ ಕೇಳುವ ಮೊದಲೇ ಲೆಕ್ಕ ಕೊಡುವವನು ಗೌರವಕ್ಕೆ ಪಾತ್ರ. ನಾಡಿನ ನಾಯಕನ ವಿಷಯದಲ್ಲಿ ಮಾತ್ರ ಈ ವಾಡಿಕೆ ಏಕೆ ತಪ್ಪಬೇಕು?

ನಾಯಕನ ಬಗೆಗೆ ಮನಸ್ಸಿನಲ್ಲಿ ಒಳ್ಳೆಯ ಭಾವನೆ ಮೂಡಿದಾಗ, ಆ ಭಾವನೆಗೆ ಅವನ ನುಡಿ ಕಾರಣವೋ ನಡೆ ಕಾರಣವೋ ಎಂದು ಕೇಳಿಕೊಳ್ಳಬೇಕು. ಅವನು ಬಿಟ್ಟುಕೊಟ್ಟದ್ದನ್ನು ಮೆಚ್ಚುವಾಗ, ಅದರಿಂದ ಅವನಿಗೆ ನಿಜವಾಗಿ ನಷ್ಟವಾಯಿತೇ ಎಂದು ನೋಡಬೇಕು. ಅವನು ನಾಳೆ ಇಲ್ಲವಾದರೆ ಅವನ ಹೆಸರಿನಲ್ಲಿ ಗೆದ್ದವರು ಅದೇ ಮೌಲ್ಯಗಳನ್ನು ಉಳಿಸಿಕೊಳ್ಳುವರೇ, ಅವನು ಕಟ್ಟಿದ ಸಂಸ್ಥೆಗಳು ಅವನಿಲ್ಲದೆ ನಿಲ್ಲುವುವೇ ಎಂದು ವಿಚಾರಿಸಬೇಕು. ಈ ಪ್ರಶ್ನೆಗಳನ್ನು 1985ರಲ್ಲಿ ಕೇಳಿದ್ದರೂ ಜನರು ಬಹುಶಃ ಹೆಗಡೆಯವರಿಗೇ ಮತ ಹಾಕುತ್ತಿದ್ದರು. ಅದರಲ್ಲಿ ತಪ್ಪೇನೂ ಇರುತ್ತಿರಲಿಲ್ಲ. ಆದರೆ ಆಗ ಆ ಮತ ಮಂಡಲ ಪಂಚಾಯತಿಗಳಿಗೂ ಲೋಕಾಯುಕ್ತಕ್ಕೂ ಬಿದ್ದ ಮತವಾಗುತ್ತಿತ್ತು; 1989ರಲ್ಲಿ ವ್ಯಕ್ತಿಯ ಮೇಲಿನ ನಿರಾಶೆಯೊಂದಿಗೆ ಅವುಗಳನ್ನೂ ಕೈಬಿಡುವ ಪ್ರಸಂಗ ಬಾರದಿರುತ್ತಿತ್ತು.

ರಾಮಕೃಷ್ಣ ಹೆಗಡೆಯವರು 2004ರ ಜನವರಿಯಲ್ಲಿ ನಿಧನರಾದರು. ಅವರನ್ನು ಸಂತನೆಂದು ಕೊಂಡಾಡಿದವರೂ ನಟನೆಂದು ಹಳಿದವರೂ ಒಂದೇ ತಪ್ಪನ್ನು ಮಾಡಿದರು. ಇಬ್ಬರೂ ವ್ಯಕ್ತಿಯನ್ನಷ್ಟೇ ನೋಡಿದರು. ಲೋಕಾಯುಕ್ತ ಸಂಸ್ಥೆ, ಗ್ರಾಮಗಳ ಚುನಾಯಿತ ಆಡಳಿತ, ಅಧಿಕಾರಸ್ಥನು ನೈತಿಕ ಹೊಣೆಯನ್ನು ಹೊರಬೇಕೆಂಬ ನಿರೀಕ್ಷೆ ಇವು ಅವರ ಕಾಲದಿಂದ ನಾಡಿಗೆ ಉಳಿದವು. ಮುಂದಿನ ಚುನಾವಣೆಯ ಭಿತ್ತಿಪತ್ರಗಳು ಗೋಡೆಗಳನ್ನು ಏರುವ ಮೊದಲು, ಇಂತಹ ಉಳಿಕೆಗಳ ಲೆಕ್ಕವನ್ನು ಪ್ರತಿ ನಾಯಕನಿಂದಲೂ ಕೇಳುವ ಅಭ್ಯಾಸ ಮನೆಮನೆಯಲ್ಲಿ ಬೆಳೆಯುವುದಾದರೆ, ಪ್ರಚಾರದ ಭಾಷೆ ತಾನಾಗಿಯೇ ಬದಲಾದೀತು.